ಪಪ್ಪನ ಆಟೋದಲ್ಲಿ ಹಿರಿಯಂಗಡಿ

ಹಿರಿಯಂಗಡಿ, ಕಾರ್ಕಳ
೨೪ ಏಪ್ರಿಲ್ ೨೦೨೫

ಪ್ರೀತಿಯ ಮಗಳು ಮೆಲಿಷಾಳಿಗೆ,

ದೇವರ ದಯೆಯಿಂದ ನಾವಿಬ್ಬರೂ ಸೌಖ್ಯ. ಕಾನ್ವೆಂಟಿನಲ್ಲಿ ನಿನಗೆ ಬೇರೆ ಹೆಸರಿಟ್ಟಿದ್ದಾರೆ, ಗೊತ್ತು. ನನ್ನ ಕೈಗೆ ಅದಿನ್ನೂ ಬರುತ್ತಿಲ್ಲ, ಬೇಸರಪಡಬೇಡ. ತಪಸ್ಸುಕಾಲದಲ್ಲಿ ನಿಮಗೆ ಕಾಗದ ಕೊಡುವುದಿಲ್ಲವಲ್ಲ, ಈಸ್ಟರ್ ಮುಗಿಯಲಿ ಎಂದು ಕಾದೆ. ಫೋನೂ ಇಲ್ಲ, ಸಾಯುವವರೆಗೆ ಹೊರಗೆ ಕಾಲಿಡುವಂತೆಯೂ ಇಲ್ಲ. ನಿನ್ನಂಥ ಬಾಯಿಬಡುಕಿಯನ್ನು ಆ ಮೌನದೊಳಗೆ ಅವರು ಹೇಗೆ ಸಹಿಸುತ್ತಾರೋ!

ನೀನು ಸನ್ಯಾಸದ ಕೊನೆಯ ವ್ರತ ತೆಗೆದುಕೊಳ್ಳುವ ದಿನ ನಾನು ಬಂದೇ ಬರುತ್ತೇನೆ. ಪಪ್ಪನೂ ಬರುತ್ತಾರಾ ಎಂದು ಕೇಳಿದ್ದೀಯ. ಅವರು ಹೌದೆಂದೂ ಹೇಳಿಲ್ಲ, ಇಲ್ಲವೆಂದೂ ಹೇಳಿಲ್ಲ. ನಿನ್ನ ಆಮಂತ್ರಣ ಓದಿ ಆಟೋ ತೊಳೆಯಲು ಹೋದರು. ಇದ್ದೊಬ್ಬ ಮಗಳು ಹೋದಳೆಂಬ ಸಿಟ್ಟು ಇನ್ನೂ ಇಳಿದಿಲ್ಲ.

ನಿಮ್ಮ ಕೇರಿಯಲ್ಲಿ ಎಂತ ಉಂಟು ಎಂದು ಸಿಸ್ಟರುಗಳು ಕೇಳಿದಾಗ ನಿನಗೆ ಹೇಳಲು ಬರಲಿಲ್ಲವಂತೆ. ಓದಿ ನಗು ಬಂತು. ಮದುವೆಯಾಗಿ ಶಂಕರಪುರದಿಂದ ಬಂದಂದಿನಿಂದ ನಾನೂ ಮಾನಸ್ತಂಭದ ಬದಿಯಲ್ಲೇ ಮೀನು ತರಲು ಹೋಗಿದ್ದೇನೆ, ಒಮ್ಮೆಯೂ ತಲೆ ಎತ್ತಿ ನೋಡಿದ್ದಿಲ್ಲ. ಊರೂರಿನ ಪ್ರವಾಸಿಗರಿಗೆ ಎಲ್ಲ ತೋರಿಸುವ ಪಪ್ಪನಿಗೆ ಹೆಂಡತಿಗೂ ತೋರಿಸಬೇಕೆಂದು ಹೊಳೆದದ್ದಿಲ್ಲ. ಈಸ್ಟರಿನ ಮರುದಿನ ನಾನೇ ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ.

"ಎಲ್ಲಿಗೆ?" ಎಂದರು.

"ಬಾಡಿಗೆಯವರಿಗೆ ತೋರಿಸುವುದನ್ನೆಲ್ಲ ನನಗೂ ತೋರಿಸಿ."

ಮೆಲಿಷಾ, ಆ ಕಂಬ ಒಂದೇ ಕಲ್ಲಂತೆ! ಬುಡದಲ್ಲಿ ನಿಂತು ತುದಿ ನೋಡುವಷ್ಟರಲ್ಲಿ ಕುತ್ತಿಗೆ ನೋಯುತ್ತದೆ. ಅಲ್ಲಿಂದ ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಎದುರಿಗೆ ಅದೇ ಮೂರು ಮೂರ್ತಿಗಳು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಕಲ್ಲಿನ ನೆಲ ತಣ್ಣಗೆ. ನನ್ನ ಧ್ವನಿ ತಾನಾಗಿ ಇಳಿಯಿತು. ಅತ್ತೂರು ಇಗರ್ಜಿಯಲ್ಲಿ ಪೂಜೆಗೆ ಕುಳಿತಾಗ ಮಾತ್ರ ನನಗೆ ಹಾಗಾಗುವುದು ಎಂದುಕೊಂಡಿದ್ದೆ.

ಆಮೇಲೆ ಗೊಮ್ಮಟನ ಬೆಟ್ಟ. ಹೆಬ್ಬಾಗಿಲು ದಾಟಿದ್ದೇ ಕಣ್ಣೆದುರು ಅವನೇ. ಬಟ್ಟೆಯಿಲ್ಲದ ಮೂರ್ತಿಯೆಂದು ಚಿಕ್ಕಂದಿನಲ್ಲಿ ಪಟ ನೋಡಿ ನಾವು ಹುಡುಗಿಯರು ನಗುತ್ತಿದ್ದೆವು. ಎದುರು ನಿಂತಾಗ ನಗು ಎಲ್ಲಿಂದ ಬರಬೇಕು? ಆರುನೂರು ವರ್ಷಗಳ ಮಳೆ ಸುರಿದಿದೆ ಆ ಮುಖದ ಮೇಲೆ! ಕಾಲಿಗೆ ಬಳ್ಳಿ ಹಬ್ಬಿದರೂ ಅಲುಗದೆ ನಿಂತಿದ್ದಾನೆ. ನನಗೆ ಅಳುವೇ ಬಂತು.

ಪಪ್ಪ ಪ್ರವಾಸಿಗರಿಗೆ ಹೇಳುವ ಗತ್ತಿನಲ್ಲೇ ಶುರುಮಾಡಿದರು. "ಅಣ್ಣನನ್ನು ಸೋಲಿಸಿದ. ಗೆದ್ದ ಕೂಡಲೇ ಈ ರಾಜ್ಯ ಬೇಡ ಅಂತ ಎಲ್ಲ ಬಿಟ್ಟು ಹೊರಟ."

"ಅವನ ಅಪ್ಪ ಎಂತ ಹೇಳಿದರು?"

"ಅಪ್ಪ ಅವನಿಗಿಂತ ಮೊದಲೇ ಬಿಟ್ಟು ಹೋಗಿದ್ದರಲ್ವಾ."

"ಅಮ್ಮ?"

"ಅದನ್ನು ಇಷ್ಟರವರೆಗೆ ಒಬ್ಬರೂ ಕೇಳಲಿಲ್ಲ ಮಾರಾಯ್ತಿ," ಎಂದವರು ಬಹಳ ಹೊತ್ತು ಮೇಲೆಯೇ ನೋಡುತ್ತ ನಿಂತರು.

ಇದನ್ನೆಲ್ಲ ಸಿಸ್ಟರುಗಳಿಗೆ ಓದಿ ಹೇಳು. ಊಟ ಸರಿಯಾಗಿ ಮಾಡು. ಮರಿಯಮ್ಮ ನಿನ್ನನ್ನು ತನ್ನ ಸೆರಗಿನಡಿ ಇಟ್ಟು ಕಾಯಲಿ.

ನಿನ್ನ ಅಮ್ಮ,
ಇಮೆಲ್ಡಾ

ಮತ್ತೊಂದು ಮಾತು: ಮನೆ ಬಿಡುವ ದಿನ ನೀನು ಮೊಣಕಾಲೂರಿ ಬೆಸಾಂವ್ ಕೇಳಿದೆ. ನಾನು ತಲೆ ಮುಟ್ಟಿ ಹರಸಿದೆ, ಪಪ್ಪ ಮುಟ್ಟದೆ ಅಂಗಳಕ್ಕೆ ಇಳಿದುಹೋದರು. ಅದು ನಿನ್ನನ್ನು ಎಷ್ಟು ಸುಡುತ್ತಿದೆಯೆಂದು ನೀನು ಬರೆಯದಿದ್ದರೂ ನನಗೆ ಗೊತ್ತು. ಈಗ ನಿನ್ನನ್ನು ನೋಡಲು ಬಂದರೂ ನಡುವೆ ಕಬ್ಬಿಣದ ಸರಳುಗಳು. ನಿನ್ನೆ ಸಂಜೆ ನಾನು ಅಡುಗೆಮನೆಗೆ ಬಂದಾಗ ಅವರು ಕಿಟಕಿಯ ಸರಳುಗಳ ನಡುವೆ ಬಲಗೈ ತೂರಿಸಿ, ತಲೆ ಮುಟ್ಟುವವರಂತೆ ಅಂಗೈಯನ್ನು ಕೆಳಮುಖ ಮಾಡಿ ನಿಂತಿದ್ದರು. ನನ್ನನ್ನು ಕಂಡು ಗಡಿಬಿಡಿಯಲ್ಲಿ ಎಳೆದುಕೊಳ್ಳಲು ಹೋಗಿ ಕೈ ಸಿಕ್ಕಿಕೊಂಡಿತು. ತೆಂಗಿನೆಣ್ಣೆ ಹಚ್ಚಿ ಬಿಡಿಸಿದೆ. ನಿಮ್ಮಲ್ಲಿ ಸರಳುಗಳ ನಡುವೆ ಎಷ್ಟು ಜಾಗ ಉಂಟು, ಕೂಡಲೇ ಬರೆ.