ಹಸಿರು ತುಂಡು

ಹುಮನಾಬಾದ, ಜನವರಿ ೨೦೦೪

ಅವ್ವಾ,

ನಿನ್ನ ಕೌದಿಯ ಫೋಟೋ ಹಾಕಿ ಇಂಟರ್‌ನೆಟ್ಟಿನಲ್ಲಿ ನನ್ನದೇ ಒಂದು ಪುಟ ಮಾಡಿದ್ದೇನೆ. ಯಾವ ತುಂಡು ಒತ್ತಿದರೂ ಅದು ಯಾರ ಸೀರೆಯೆಂದು ಹೇಳುತ್ತದೆ. ಹಸಿರು ತುಂಡಿಗೆ ಮಾತ್ರ 'ಗೊತ್ತಿಲ್ಲ' ಎಂದು ಬರೆದಿದ್ದೆ. ಕೇಳಿದಾಗೆಲ್ಲ ನೀನು, "ಯಾರದೋ ಏನೋ, ನಿನಗ್ಯಾಕ ಬೇಕು?" ಅಂತಿದ್ದಿ.

ನಿನ್ನೆ ಅದರ ಕೆಳಗೆ ಪುಣೆಯಿಂದ ನಾಲ್ಕು ಸಾಲು ಬಂದಿದ್ದವು: "ಹಸಿರು ನಂದು. ಅಕ್ಕ ಇನ್ನೂ ಕೌದಿ ಹೊಲಿತಾಳೇನು?" ಕೊನೆಗೆ ಹೆಸರಿತ್ತು: ನಾನು ತೊಟ್ಟಿಲಲ್ಲಿದ್ದಾಗ ಮನೆ ಬಿಟ್ಟು ಹೋದ ನಿನ್ನ ತಂಗಿ, ಪ್ರಭಾವತಿ ಚಿಗವ್ವ! ಅವಳ ಮೊಮ್ಮಗಳು ನಮ್ಮೂರು ಘಾಟಬೋರಾಳದ ಹೆಸರು ಹಾಕಿ ಹುಡುಕಿದಾಗ ಈ ಪುಟ ಸಿಕ್ಕಿತಂತೆ. ನಿನ್ನ ಬಿಟ್ಟರೆ ಆ ತುಂಡನ್ನು ಗುರುತಿಸುವವಳು ಇಡೀ ಜಗತ್ತಿನಲ್ಲಿ ಒಬ್ಬಳೇ, ಅವಳೇ ಬಂದಳು.

ಕೌದಿ ಹಸಿದಿರಬಾರದೆಂದು ನೀನು ಮೂಲೆಯಲ್ಲಿ ರೊಟ್ಟಿಚೂರು ಇಟ್ಟು ಹೊಲಿಯುತ್ತಿದ್ದಿ. ಈ ಪುಟವೇ ನನ್ನ ಕೌದಿ, ಅದರ ಮೂಲೆ ಇನ್ನೂ ಖಾಲಿ ಇದೆ. ರೊಟ್ಟಿಚೂರಿನ ಬದಲು ಅಲ್ಲಿಡಲು, ಅವಳಿಗೆ ಒಂದು ಮಾತು ಹೇಳಿ ಕಳಿಸು.

ನಿನ್ನ
ಭುವನಾ