ಎರಡನೆಯ ಎಲೆಗೆ ಕೂತವಳಿಗೆ

ಪ್ರೀತಿಯ ಇಂಗ್ರಿಡ್, ನಮ್ಮವ್ವನ ಬಾಯಲ್ಲಿ ಇವತ್ತಿಗೂ ಇಂಗಮ್ಮನಾಗಿಯೇ ಉಳಿದವಳೇ,

ಸೋಮನಾಥಪುರದಿಂದ ಕೋಮಲ ಬರೆಯುತ್ತಿದ್ದೇನೆ. ಹತ್ತು ವರ್ಷಗಳಲ್ಲಿ ನೀನು ನಾಲ್ಕು ಸಲ ಬರೆದೆ, ನಾನು ಒಂದಕ್ಕೂ ಉತ್ತರ ಕೊಡಲಿಲ್ಲ. ಮೊನ್ನೆ ಬಂದ ಐದನೆಯ ಪತ್ರದಲ್ಲೂ ನೀನು ಒಂದೂ ದೂರಿನ ಮಾತು ಆಡಿಲ್ಲ. ಸ್ವೀಡನ್ನಿನಲ್ಲಿ ಹುಟ್ಟಿದ ನೀನು ಜಪಾನಿನ ಕಾರ್ಟೂನ್ ಚಿತ್ರಗಳನ್ನು ಪ್ರೀತಿಸಲು ಕಲಿತದ್ದು ಹೇಗೆಂದು ಪುಸ್ತಕ ಬರೆಯುತ್ತಿದ್ದೀಯಂತೆ. ಆ ಚಿತ್ರಗಳನ್ನು ಅವ್ವ ಹೇಗೆ ನೋಡುತ್ತಿದ್ದಳೆಂದು ನೆನಪಿದ್ದಷ್ಟು ಬರೆದು ಕಳಿಸು ಎಂದು ಕೇಳಿದ್ದೀಯ.

ನಿನಗೆ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತು. ಆದರೂ ಕನ್ನಡದಲ್ಲೇ ಬರೆಯುತ್ತೇನೆ. ಅವ್ವನ ಮತ್ತು ನಿನ್ನ ನಡುವೆ ಭಾಷೆ ಬದಲಿಸುವಾಗ ನಾನು ನಂಬಿಕೆಗೆ ಅರ್ಹಳಾಗಿರಲಿಲ್ಲ. ಯಾಕೆಂದು ಈ ಪತ್ರ ಓದಿಸಿಕೊಂಡಾಗ ನಿನಗೇ ತಿಳಿಯುತ್ತದೆ. ಅಲ್ಲಿ ಯಾರಾದರೂ ಕನ್ನಡದವರು ಸಿಕ್ಕರೆ ಒಂದು ಮಾತೂ ಬಿಡದೆ ಓದಿ ಹೇಳಲಿ.

ದೇವಸ್ಥಾನದ ಶಿಲ್ಪಗಳ ಚಿತ್ರ ಬರೆದುಕೊಳ್ಳಲು ಬಂದ ನೀನು ನಮ್ಮ ಮಹಡಿಯ ಕೋಣೆಯಲ್ಲಿ ನಾಲ್ಕು ತಿಂಗಳಿದ್ದೆ. ಸಂಜೆ ಗೇಟು ಹಾಕಿದ ಮೇಲೆ ಕೈಗೆಲ್ಲ ಪೆನ್ಸಿಲ್ ಮಸಿ ಮೆತ್ತಿಕೊಂಡು ಬರುತ್ತಿದ್ದೆ. ನಾನು ಬನ್ನೂರಿನ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮುಗಿಸಿ ಐದೂವರೆಯ ಬಸ್ಸಿಗೆ ಬರುತ್ತಿದ್ದೆ. ಅಕ್ಕಿ ಡ್ರಮ್ಮಿನ ಮೇಲೆ ನಿನ್ನ ಲ್ಯಾಪ್‌ಟಾಪ್, ಅದರ ಮುಂದೆ ಚಾಪೆ, ಮಧ್ಯೆ ಅವ್ವ, ಆಚೀಚೆ ನಾವಿಬ್ಬರು. ಚಿತ್ರದ ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ನಾನು ಅವ್ವನಿಗೆ ಕನ್ನಡದಲ್ಲಿ ಹೇಳಬೇಕು. ಕರೆಂಟು ಹೋದರೂ ಬ್ಯಾಟರಿ ಇರುವ ತನಕ ನೋಡುತ್ತಿದ್ದೆವು.

ನಿಮ್ಮ ಕಡೆ ಕಾರ್ಟೂನ್ ಎಂದರೆ ಓಡಬೇಕು, ಬೀಳಬೇಕು, ಕೆಟ್ಟವನೊಬ್ಬ ಕೊನೆಗೆ ಸೋಲಬೇಕು ಎನ್ನುತ್ತಿದ್ದೆ ನೀನು. ಹತ್ತೊಂಬತ್ತನೇ ವಯಸ್ಸಿನಲ್ಲಿ ಯಾವುದೋ ಜಪಾನೀ ಚಿತ್ರದಲ್ಲಿ ಒಬ್ಬಳು ಸೌತೆಕಾಯಿ ಹೆಚ್ಚುವುದನ್ನೇ ಒಂದು ನಿಮಿಷ ತೋರಿಸಿದಾಗ, ಮುಂದೆ ಏನಾದರೂ ಆಗುತ್ತದೆಂದು ಕಾದು ಕೂತೆಯಂತೆ. "ಏನೂ ಆಗಲಿಲ್ಲ, ಅವಳು ಸೌತೆಕಾಯಿ ತಿಂದಳು, ನನಗೆ ಮಾತ್ರ ಅಳು ಬಂತು," ಎಂದಿದ್ದೆ ನೀನು. ಅಂಥ ಜಾಗ ಬಂದಾಗಲೆಲ್ಲ ಚಿತ್ರ ನಿಲ್ಲಿಸಿ, ನೋಡಿ, ಇಲ್ಲಿ ಏನೂ ನಡೆಯುತ್ತಿಲ್ಲ ಎಂದು ಸಂಭ್ರಮದಿಂದ ತೋರಿಸುತ್ತಿದ್ದೆ. ಅವ್ವನಿಗೆ ರೇಗುತ್ತಿತ್ತು. "ಕಾಯಿ ಎಚ್ಚದ ನೋಡಕೆ ಪೆಟ್ಟಿಗೆ ಯಾಕವ್ವ, ನಮ್ಮಡಿಗೆ ಮನೆಗೆ ಬಾ," ಎನ್ನುತ್ತಿದ್ದಳು. ನಾನು ಅದನ್ನು ನಿನಗೆ ಇಂಗ್ಲಿಷಿಗೆ ತಿರುಗಿಸಿದಾಗ ನೀನು ಬಿದ್ದು ಬಿದ್ದು ನಕ್ಕು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅದೊಂದನ್ನು ನಾನು ಸರಿಯಾಗಿಯೇ ಹೇಳಿದ್ದೆ.

ನಿನಗೆ ಹೇಳದೆ ಇದ್ದದ್ದು ರಂಜಿನಿಯ ವಿಷಯ. ನನಗೊಬ್ಬಳು ತಂಗಿಯಿದ್ದಳು. ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ನೀನು ಬರುವುದಕ್ಕೆ ಮೂರು ವರ್ಷ ಮೊದಲು ಡೆಂಗಿ ಜ್ವರ ಬಂದು ಆರೇ ದಿನದಲ್ಲಿ ಹೋದಳು. ಅವ್ವ ಅಳಲಿಲ್ಲ. ಅವ್ವ ಅಳದಿದ್ದಾಗ ನಾನು ಹೇಗೆ ಅಳಲಿ ಎಂದು ನಾನೂ ಬಿಗಿ ಹಿಡಿದೆ. ಅವಳ ಫೋಟೋ ಟ್ರಂಕಿಗೆ ಹೋಯಿತು, ಹೆಸರು ಮನೆಯಿಂದಲೇ ಹೋಯಿತು. ಮಾರ್ಲಾಮಿ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆ ಅವರಿಷ್ಟದ ಅಡುಗೆ ಮಾಡಿ ಎಲೆ ಹಾಕಿ ಎಡೆ ಇಡುವುದು ನಮ್ಮ ಪದ್ಧತಿ. ಅಪ್ಪನಿಗೆ ತಪ್ಪದೆ ಇಡುತ್ತಿದ್ದ ಅವ್ವ ರಂಜಿನಿಗೆ ಮೂರು ವರ್ಷವೂ ಇಡಲಿಲ್ಲ. "ಎಡೆ ಇಟ್ರೆ ಸತ್ಳು ಅಂತ ಒಪ್ಕಂಡಂಗೆ," ಎಂದು ಒಮ್ಮೆ ಅಂದದ್ದು ಬಿಟ್ಟರೆ ಮತ್ತೆ ಮಾತಿಲ್ಲ.

ಆ ವರ್ಷ ಮಾರ್ಲಾಮಿಯ ಹಿಂದಿನ ಸಂಜೆ ನೀನು ಹಾಕಿದ್ದು ಕೊಡೆ ರಿಪೇರಿ ಮಾಡುವ ಮುದುಕಿಯ ಚಿತ್ರ. ಅವಳ ಮಗಳು ದೋಣಿ ಮುಳುಗಿ ಸತ್ತು ಎಷ್ಟೋ ವರ್ಷವಾಗಿರುತ್ತದೆ. ಮುದುಕಿ ಕೊಡೆ ಹೊಲಿಯುತ್ತಾಳೆ, ಅನ್ನ ಮಾಡುತ್ತಾಳೆ, ಪುಟ್ಟ ಬಟ್ಟಲಲ್ಲಿ ಒಂದಿಷ್ಟು ಅನ್ನವನ್ನು ಮಗಳ ಫೋಟೋ ಮುಂದಿಟ್ಟು ಕೈ ಮುಗಿದು ಆಮೇಲೆ ತಾನು ಉಣ್ಣುತ್ತಾಳೆ. ಮಗಳು ಎಲ್ಲಿ ಎಂದು ಅವ್ವ ಕೇಳಿದಾಗ, "ದೊಡ್ಡೂರಿಗೆ ಓದಕೆ ಓಗವ್ಳೆ ಕಣವ್ವ," ಎಂದೆ. ಬಟ್ಟಲು ಯಾಕೆ ಎಂದಾಗ, ಅವರ ಮನೆದೇವರಿಗೆ ಎಂದೆ. ಒಂದೂವರೆ ಗಂಟೆಯ ಚಿತ್ರಕ್ಕೆ ಒಂದೂವರೆ ಗಂಟೆ ಸುಳ್ಳು ಹೇಳಿದೆ. ಮಗಳಿಗೆ ಕೆಲಸ ಕೊಡಿಸಿ, ಮದುವೆಯನ್ನೂ ಮಾಡಿಸಿದೆ. ನೀನು ಆಚೆ ಬದಿಯಲ್ಲಿ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತ ಅಳುತ್ತಿದ್ದೆ. ಚಿತ್ರ ಮುಗಿದಾಗ ಅವ್ವ ಎದ್ದು ಹೋದಳು.

ಬೆಳಿಗ್ಗೆ ಎದ್ದಾಗ ಅಡುಗೆ ಮನೆಯಲ್ಲಿ ಮೀನು ಸಾರಿನ ವಾಸನೆ. "ಟ್ರಂಕಲ್ಲಿ ರಂಜಿನಿ ಫೋಟೋ ಐತಲ್ಲ, ತಕ್ಕೊಂಬಾ," ಎಂದಳು ಅವ್ವ. ತಂದುಕೊಟ್ಟೆ. ಅಪ್ಪನಿಗೊಂದು, ತಂಗಿಗೊಂದು, ಎರಡು ಎಲೆ ಹಾಕಿ ಬಡಿಸಿ, ಸತ್ತವರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿಕೊಂಡು ಅಂಗಳದಲ್ಲಿ ನಿಂತೆವು. ಮಹಡಿಯ ಮೆಟ್ಟಿಲು ಮನೆಯೊಳಕ್ಕೇ ಇಳಿಯುತ್ತದೆ ಎಂಬುದು ಇಬ್ಬರಿಗೂ ನೆನಪಾಗಲಿಲ್ಲ.

ಬಾಗಿಲು ತೆಗೆದರೆ ನೀನು. ರಂಜಿನಿಯ ಎಲೆಯ ಮುಂದೆ ಚಕ್ಕಂಬಕ್ಕಲು ಹಾಕಿ ಕೂತು, ಮುದ್ದೆ ಮುರಿದು ಮೀನು ಸಾರಿನಲ್ಲಿ ಅದ್ದುತ್ತಿದ್ದೆ. ಹಬ್ಬದೂಟ ನಿನಗಾಗಿ ಬಡಿಸಿಟ್ಟದ್ದು, ಪಕ್ಕದ ಎಲೆ ನನ್ನದು ಎಂದುಕೊಂಡೆಯೇನೋ. ಫೋಟೋಗೆ ಹೂವಿತ್ತು ನಿಜ, ಆದರೆ ನಮ್ಮೂರಿನಲ್ಲಿ ಯಾವ ಫೋಟೋಗೆ ಹೂವಿಲ್ಲ ಹೇಳು. "ಅವ್ವ, ಊಟ ಸೂಪರ್," ಎಂದೆ ನೀನು. ನಾನು ಕೂಗಲು ಬಾಯಿ ತೆಗೆದಾಗ ಅವ್ವ ನನ್ನ ರಟ್ಟೆ ಹಿಡಿದು, "ಉಣ್ಲಿ ಬುಡು," ಎಂದಳು. ನಿನ್ನ ಎದುರು ಕುಕ್ಕರಗಾಲಿನಲ್ಲಿ ಕೂತು ಇನ್ನೊಂದು ಮುದ್ದೆ ಹಾಕಿದಳು.

ಹಿಂದಿನ ಸಂಜೆ ತೆರೆಯ ಮೇಲಿನ ಒಂದು ಬಟ್ಟಲು ಅನ್ನಕ್ಕೆ ಅಷ್ಟು ಅತ್ತವಳಿಗೆ ತನ್ನ ಮುಂದಿದ್ದ ಎಲೆ ಯಾರದೆಂದು ತಿಳಿಯಲಿಲ್ಲವಲ್ಲ ಎಂದು ನನಗೆ ಕಡುಕೋಪ ಬಂತು. ನನ್ನ ತಂಗಿಯ ಮೊದಲ ಎಡೆ ಅದು. ನೀನು ಊರಿಗೆ ಹೊರಟ ದಿನ ಶಾಲೆಯಲ್ಲಿ ಪರೀಕ್ಷೆ ಎಂದು ಹೇಳಿ ಬಸ್ ಹತ್ತಿಸಲು ಬರಲಿಲ್ಲ. ಪರೀಕ್ಷೆ ಇರಲಿಲ್ಲ. ವಿಚಿತ್ರವೆಂದರೆ ಆ ಚಿತ್ರಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಫೋನಿನಲ್ಲಿ ಒಂದೊಂದಾಗಿ ಎಲ್ಲ ನೋಡಿದೆ. ನೀನಿದ್ದರೆ ಇಲ್ಲಿ ನಿಲ್ಲಿಸುತ್ತಿದ್ದೆ ಎಂದು ನಾನೇ ನಿಲ್ಲಿಸಿ ನೋಡುತ್ತಿದ್ದೆ.

ನಿನ್ನೆ ನಿನ್ನ ಪತ್ರವನ್ನು ಅವ್ವನಿಗೆ ಓದಿ ಹೇಳಿದೆ, ಈ ಸಲ ಇದ್ದದ್ದನ್ನು ಇದ್ದ ಹಾಗೆ. "ನೀನು ಸಿನಿಮಾ ಹೇಗೆ ನೋಡ್ತಿದ್ದೆ ಅಂತ ಕೇಳ್ತಾ ಅವ್ಳೆ," ಎಂದಾಗ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಸುಲಿಯುತ್ತಲೇ ಅಂದಳು:

"ಆ ಮುದ್ಕಿ ಸಿನಿಮಾನ ನಾನು ಇಂಗಮ್ಮನ ಮೊಕ ನೋಡ್ಕಂಡು ನೋಡ್ದೆ ಕಣವ್ವ. ನೀನು ಮದ್ವೆ ಮಾಡಿಸ್ತಾ ಇದ್ದೆ, ಅವ್ಳು ಅಳ್ತಾ ಇದ್ಲು. ನಾ ಯಾರ್ನ ನಂಬ್ಲಿ? ಮೂರು ವರ್ಸ ಈ ಮನೇಲಿ ಯಾರೂ ಅಳ್ನಿಲ್ಲ. ಯಾರ ಮಗಳಿಗೋ ಅವ್ಳು ಅತ್ಲು. ಅತ್ತೋಳು ಉಣ್ಲಿ ಅಂತ ಸುಮ್ಕಾದೆ."

ಇದನ್ನು ಪುಸ್ತಕದಲ್ಲಿ ಹೇಗೆ ಬರೆಯುತ್ತೀಯೋ ಗೊತ್ತಿಲ್ಲ. ನನ್ನನ್ನು ಕ್ಷಮಿಸು. ಹತ್ತು ವರ್ಷ ನಿನ್ನ ಮೇಲೆ ಹೊತ್ತಿದ್ದ ಕೋಪ ತಂಗಿಗಾಗಿ ಅಳದೇ ಹೋದ ನನ್ನ ಮೇಲಿನದು ಎಂದು ನಿನ್ನೆ ಅರ್ಥವಾಯಿತು. ಅವ್ವನ ಮಾತು ಮುಗಿದ ಮೇಲೆ ನಾನು ಅತ್ತೆ ಇಂಗ್ರಿಡ್. ರಂಜಿನಿ ಹೋದ ಮೇಲೆ ಮೊದಲ ಸಲ, ಮಕ್ಕಳ ಹಾಗೆ ದನಿ ತೆಗೆದು ಅತ್ತೆ. ಅವ್ವ ಸಮಾಧಾನ ಮಾಡಲಿಲ್ಲ. ಸುಲಿಯುವುದನ್ನು ಬಿಟ್ಟು ನನ್ನ ಮುಖವನ್ನೇ ಕೊನೆಯ ತನಕ ನೋಡಿದಳು.

ಮಹಡಿಯ ಕೋಣೆ ಖಾಲಿಯಿದೆ, ಬಂದು ಇರು. "ನಿನ್ನೊಟ್ಟೆ ತಣ್ಣಗಿರ್ಲಿ ತಾಯಿ" ಎಂದು ಬರೆ ಅಂದಿದ್ದಾಳೆ ಅವ್ವ, ಬರೆದಿದ್ದೇನೆ.

ಇನ್ನು ಮುಂದೆ ಸರಿಯಾಗಿ ಹೇಳುವ,
ಕೋಮಲ