ಐದನೆಯ ಬೆರಳು

ಕೊಚ್ಚಿ ಬಂದರು, ಹಡಗಿನಿಂದ

ಅಣ್ಣ,

ಎರಡು ವರ್ಷದಿಂದ ಅಪ್ಪನ ಮಾತು ತೆಗೆದರೆ ಫೋನ್ ಇಟ್ಟುಬಿಡುತ್ತೀಯ, ಅದಕ್ಕೇ ಪತ್ರ. ಅಪ್ಪ, ಅವ್ವ, ನಾನು, ನನ್ನ ಮಗಳು ಚೆನ್ನಾಗಿದ್ದೇವೆ. ಹಡಗು ಚೆನ್ನಾಗಿಲ್ಲ. ಅಪ್ಪನಿಗೆ ಸಮುದ್ರ ತೋರಿಸಲು ಈ ಮುದಿ ಹಡಗು ಹತ್ತಿಸಿದ್ದು ನಾನೇ.

ಮೊನ್ನೆ ನಡುಸಮುದ್ರದಲ್ಲಿ ಎಂಜಿನ್ ಕೆಟ್ಟು ಸೈರನ್ ಕೂಗಿತು. ಎಲ್ಲರನ್ನೂ ಮೇಲಕ್ಕೆ ಕರೆದು, ನಿಮ್ಮವರನ್ನು ಎಣಿಸಿ ಹೇಳಿ ಎಂದರು. ಅಪ್ಪ ಎಣಿಸುತ್ತಾನೆಯೇ? ಕುರಿಯನ್ನೇ ಎಣಿಸದವನು. "ಎಣಿಸಿದ್ರೆ ಮಂದೆ ಕರಗ್ತೈತೆ. ಎಲ್ರೂ ಇದೀವಿ ಅಂತ ಹೇಳು" ಅಂದ. ಅಳುವ ಮಗಳನ್ನು ಎತ್ತಿಕೊಂಡಿದ್ದ ನಾನು ಹಾಗೇ ಹೇಳಿಬಿಟ್ಟೆ. ಅವ್ವ ಕೆಟ್ಟು ನಿಂತ ಲಿಫ್ಟಿನೊಳಗಿದ್ದಳು. ಅರ್ಧ ಗಂಟೆ ಯಾರೂ ಅವಳನ್ನು ಹುಡುಕಲಿಲ್ಲ.

ಹಡಗನ್ನು ಇಲ್ಲಿಗೆ ಎಳೆದು ತಂದಿದ್ದಾರೆ. ಅಪ್ಪ ಕೂತಲ್ಲಿ ಕೂರುತ್ತಿಲ್ಲ. ಗಳಿಗೆಗೊಮ್ಮೆ ನಮ್ಮ ಮುಖ ನೋಡಿ ಬೆರಳು ಮಡಚುತ್ತಾನೆ. ತನ್ನನ್ನೂ ಸೇರಿಸಿ ನಾಲ್ಕು. ಆಮೇಲೆ ಹೆಬ್ಬೆರಳನ್ನೂ ಮಡಚುತ್ತಾನೆ. ಅದು ಯಾರೆಂದು ನಾನು ಕೇಳಿಲ್ಲ.

ಶುಕ್ರವಾರ ಬೆಳಿಗ್ಗೆ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತೇವೆ. ಅವ್ವನ ಕಾಲು ಊದಿದೆ, ಮೊಳಕಾಲ್ಮೂರಿನಿಂದ ನಿನ್ನ ಗಾಡಿ ತಂದರೆ ಅನುಕೂಲ. ಅಪ್ಪ ಇಳಿದ ಕೂಡಲೇ ಎಣಿಸುತ್ತಾನೆ. ಎದುರಿಗೇ ನಿಂತಿರು.

ನಿನ್ನ ತಂಗಿ,
ಆಶಾ